ಹುಲ್ಲಿಲ್ಲದ ಪುಟ

“ಗುರುಗಳೇ, ಕಲಿಸುವವನು ಯಾವುದಕ್ಕೆ ಹೆದರಬೇಕು?” ಎಂದು ಶಿಷ್ಯ ಕೇಳಿದ. ಅವನ ಓದು ಮುಗಿದಿತ್ತು. ಇನ್ನು ಬೇರೊಂದು ಊರಿಗೆ ಹೋಗಿ ತಾನೇ ಮಕ್ಕಳಿಗೆ ಪಾಠ ಹೇಳುವವನಿದ್ದ. “ಸುಳ್ಳು ಹೇಳಿಕೊಡಲು ಹೆದರಬೇಕು, ಅದು ಗೊತ್ತು. ಸುಳ್ಳು ಹೇಳದವನಿಗೆ ಇನ್ನೇನು ಭಯ?”

ಗುರು ಈ ಕತೆ ಹೇಳಿದರು.

ಕಲ್ಲುಗುಡ್ಡಗಳ ನಡುವಿನ ಒಂದು ಊರಿನಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ತಿನ್ನಲು ಬರುವ ಮೃಗದಿಂದ ಪ್ರಾಣಿಗಳು ಹೇಗೆ ಪಾರಾಗುತ್ತವೆ ಎಂದು ತಿಳಿಸಲು ಅವಳು ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಮಾಡಿದಳು. ಮುಳ್ಳುಹಂದಿ ಮುಳ್ಳು ನಿಮಿರಿಸುತ್ತದೆ. ಚಿಪ್ಪುಹಂದಿ ಉಂಡೆಯಾಗಿ ಮುದುಡಿಕೊಳ್ಳುತ್ತದೆ. ಮೊಲದ ಪುಟದಲ್ಲಿ ಹೀಗೆ ಬರೆದಿದ್ದಳು: ‘ಮೊಲ ಅಲ್ಲಾಡದೆ ಕೂರುತ್ತದೆ. ಆಗ ವೈರಿಗೆ ಅದು ಕಾಣುವುದಿಲ್ಲ.’

ಅದು ನಿಜವೇ. ಒಣಹುಲ್ಲಿನಲ್ಲಿ ಕೂತ ಮೊಲ ಕಾಣದಿರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಹುಲ್ಲು ಬರೆದರೆ ಮೊಲ ಮಕ್ಕಳಿಗೂ ಕಾಣುತ್ತಿರಲಿಲ್ಲ. ಅದಕ್ಕೆ ಹುಲ್ಲು ಬಿಟ್ಟು, ಬಿಳಿ ಹಾಳೆಯ ಮೇಲೆ ಮೊಲವನ್ನಷ್ಟೇ ಚಂದವಾಗಿ ಬರೆದಳು.

ಪುಸ್ತಕ ಅಚ್ಚಾಗಿ ಸುತ್ತಲಿನ ಹಳ್ಳಿಗಳ ಶಾಲೆಗಳಿಗೆಲ್ಲ ಹೋಯಿತು. ನೆರೆಮನೆಯ ದುರುಗಿ ಎಂಬ ಏಳು ವರ್ಷದ ಹುಡುಗಿಗೆ ಅದು ಬಾಯಿಪಾಠವೇ ಆಯಿತು.

ಆ ಬೇಸಿಗೆಯಲ್ಲಿ ಗುಡ್ಡಕ್ಕೆ ಚಿರತೆ ಬಂತು. ಮೊದಲು ಎರಡು ಆಡು ಹೋದವು. ಆಮೇಲೆ ಅಂಗಳದಲ್ಲಿ ಕಟ್ಟಿದ್ದ ನಾಯಿ ಹೋಯಿತು. ಜನ ಒಬ್ಬೊಬ್ಬರೇ ಓಡಾಡುವುದನ್ನು ಬಿಟ್ಟರು. ಹಗಲಿನಲ್ಲಿ ಏನೂ ಆಗದೆಂದುಕೊಂಡು ಚಿತ್ರಗಾರ್ತಿ ಒಂದು ಮಧ್ಯಾಹ್ನ ಬಣ್ಣಕ್ಕೆ ಬೇಕಾದ ಕೆಮ್ಮಣ್ಣು ತರಲು ಗುಡ್ಡದ ಬುಡಕ್ಕೆ ಹೋದಳು. ದುರುಗಿಯೂ ಹಟ ಹಿಡಿದು ಜೊತೆಗೆ ಬಂದಳು.

ಬುಟ್ಟಿಗೆ ಮಣ್ಣು ತುಂಬಿ ತಲೆಯೆತ್ತಿದಾಗ ಎದುರಿನ ಬಂಡೆಯ ಮೇಲೆ ಚಿರತೆ ನಿಂತಿತ್ತು. ಅದರ ಕಣ್ಣು ದುರುಗಿಯ ಮೇಲಿತ್ತು. ಹುಡುಗಿ ಹತ್ತು ಹೆಜ್ಜೆ ಮುಂದೆ, ಬರಿಯ ಹಾಸುಗಲ್ಲಿನ ಮೇಲೆ, ಹಳದಿ ಲಂಗ ತೊಟ್ಟು ಕೂತಿದ್ದಳು. ಮೊಣಕಾಲು ಮಡಿಸಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದಿದ್ದಳು.

“ದುರುಗೀ, ಎದ್ದೇಳು!” ಎಂದಳು ಚಿತ್ರಗಾರ್ತಿ.

ಹುಡುಗಿ ಕಣ್ಣು ಬಿಡದೆ ಪಿಸುಗುಟ್ಟಿದಳು: “ಸುಮ್ನಿರಕ್ಕಾ. ಅದಕ್ಕೆ ನಾನು ಕಾಣ್ತಿಲ್ಲ.”

ಚಿರತೆ ಹೊಟ್ಟೆಯನ್ನು ಕಲ್ಲಿಗೆ ತಾಗಿಸಿಕೊಂಡು ಕೆಳಗಿಳಿಯತೊಡಗಿತು. ಚಿತ್ರಗಾರ್ತಿಗೆ ಓಡಿಹೋಗಿಬಿಡೋಣ ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದನ್ನು ಅವಳು ಆಮೇಲೂ ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಕಾಲು ಹುಡುಗಿಯ ಕಡೆಗೇ ಓಡಿದವು. ಅವಳನ್ನು ಎತ್ತಿ ಹೆಗಲಿಗೇರಿಸಿಕೊಂಡಳು. ಮಣ್ಣಿನ ಬುಟ್ಟಿಯನ್ನು ಬೀಸಿ ಎಸೆದಳು. ಬಾಯಿಗೆ ಬಂದಂತೆ ಅರಚಿದಳು. ಚಿರತೆ ನಿಂತಿತು. ಹಲ್ಲು ತೋರಿಸಿತು, ಹಿಂದೆ ಸರಿಯಲಿಲ್ಲ. ಅವಳು ಬೆನ್ನು ತೋರಿಸದೆ, ಅರಚುತ್ತಲೇ, ಒಂದೊಂದೇ ಹೆಜ್ಜೆ ಹಿಂದಿಟ್ಟಳು. ಆ ಕೂಗು ಕೇಳಿ ಜನ ಕೋಲು ಹಿಡಿದು ಓಡಿಬಂದ ಮೇಲೆಯೇ ಅದು ಬಂಡೆಯ ಸಂದಿಗೆ ಸರಿಯಿತು.

ಊರಿಗೆ ಬಂದು ಕೆಳಗಿಳಿಸಿದಾಗ ಹುಡುಗಿಯ ಮುಖ ಅರಳಿತ್ತು. “ನೋಡಿದ್ಯಾ ಅಕ್ಕಾ, ಅದಕ್ಕೆ ನಾನು ಕಾಣಲೇ ಇಲ್ಲ! ನಿನ್ನ ಪುಸ್ತಕದಲ್ಲಿ ಇರೋದು ನಿಜ. ಎಲ್ಲರಿಗೂ ಹೇಳ್ತೀನಿ.”

ಚಿರತೆಯ ಎದುರು ಬಾರದಿದ್ದ ಬೆವರು ಚಿತ್ರಗಾರ್ತಿಗೆ ಆಗ ಬಂತು.

ಅಂದೇ ಅವಳು ಮನೆಮನೆಗೆ ಹೋದಳು. ಮಕ್ಕಳ ಎದುರಿಗೇ ಮೊಲದ ಸುತ್ತ ಹುಲ್ಲು ಬರೆದಳು. ನೀವು ಮೊಲವಲ್ಲ, ಕೂರಬೇಡಿ, ಕೂಗಿ ಎಂದು ಬಿಡಿಸಿ ಹೇಳಿದಳು. ಮರುದಿನ ಪಕ್ಕದ ಹಳ್ಳಿಗೆ ಹೋದಳು, ಅದರ ಮರುದಿನ ಇನ್ನೊಂದಕ್ಕೆ. ಆದರೆ ಪುಸ್ತಕ ಕೈಯಿಂದ ಕೈಗೆ ದಾಟಿ ಎಲ್ಲೆಲ್ಲಿಗೆ ಹೋಗಿತ್ತೋ ಯಾರಿಗೂ ತಿಳಿದಿರಲಿಲ್ಲ. ಮುಂದೆ ಯಾವ ಗುಡ್ಡದ ಕಡೆಯಿಂದ ಮಗು ಕಾಣೆಯಾದ ಸುದ್ದಿ ಬಂದರೂ ಅವಳು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಆ ಮಗುವಿಗೆ ಓದಲು ಬರುತ್ತಿತ್ತೇ?

ಗುರು ಕತೆ ನಿಲ್ಲಿಸಿದರು.

“ಆದರೆ ಅವಳು ಬರೆದದ್ದು ಸುಳ್ಳಲ್ಲವಲ್ಲ, ಗುರುಗಳೇ?” ಎಂದ ಶಿಷ್ಯ.

“ಸುಳ್ಳಲ್ಲ” ಎಂದರು ಗುರು. “ನಿನಗೆ ಕಲಿಸುವಾಗ ನಾನು ಏನನ್ನು ಬಿಟ್ಟೆನೋ, ನನಗಿನ್ನೂ ಗೊತ್ತಾಗಿಲ್ಲ.”