ನೀಲಿ ತೊಟ್ಟಿಯ ಜೊತೆಗಾರ

ಶಿಷ್ಯೆ ಕೇಳಿದಳು: "ಗುರುಗಳೇ, ಮನೆಯ ಹೊಸಿಲು ದಾಟಲು ಹೆದರುವವರನ್ನು ಕೆಲಸಕ್ಕೆ ಸೇರಿಸುವುದು ನನ್ನ ಉದ್ಯೋಗ. ಕೆಲಸ ಕಲಿಸುತ್ತೇನೆ, ಪಕ್ಕದಲ್ಲಿ ನಿಲ್ಲುತ್ತೇನೆ, ಕೈಗೆ ಸಂಬಳ ಬರುವವರೆಗೂ ಬಿಡುವುದಿಲ್ಲ. ಆದರೂ ನಾನು ಬಿಟ್ಟು ಬಂದ ಮೇಲೆ ಕೆಲವರು ಮತ್ತೆ ಮನೆಯ ಮೂಲೆ ಸೇರುತ್ತಾರೆ. ಇನ್ನೂ ಎಷ್ಟು ದಿನ ನಾನು ಜೊತೆಗಿರಬೇಕು?"

ಗುರು ಹೇಳಿದರು: "ಸರಿಯಾದವನನ್ನೇ ಕೇಳಿದೆ. ಇಂಥ ಮೂರು ಸಾವಿರ ಜನರನ್ನು ನಾನೊಬ್ಬನೇ ಕೆಲಸಕ್ಕೆ ಹಚ್ಚಿದ್ದೇನೆ. ಒಬ್ಬನೂ ಹಿಂದಿರುಗಿಲ್ಲ. ಇದು ಶುದ್ಧ ಸುಳ್ಳು. ನನ್ನ ಸ್ವಂತ ಅಳಿಯನನ್ನೇ ಹಚ್ಚಲು ಆಗಲಿಲ್ಲ. ನನಗೆ ಗೊತ್ತಿರುವುದು ಒಂದು ಕತೆ ಮಾತ್ರ. ಅದರಲ್ಲೂ ಊರಿನ ಹೆಸರು ಮರೆತಿದೆ. ಬೇಕಿದ್ದರೆ ಒಂದು ಹೆಸರು ಕಟ್ಟಿಕೊಡುತ್ತೇನೆ."

"ಊರು ಬೇಡ, ಕತೆ ಹೇಳಿ," ಎಂದಳು ಶಿಷ್ಯೆ.

ಒಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದ. ಅವನಿಗೆ ಮಾತು ತೊದಲುತ್ತಿತ್ತು. ಒಮ್ಮೆ ಮದುವೆ ಮನೆಯಲ್ಲಿ ಅವನು ತನ್ನ ಹೆಸರು ಹೇಳಲು ಹೋದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂದು ಮನೆ ಸೇರಿದವನು ಹನ್ನೊಂದು ವರ್ಷ ಹೊರಗೆ ಬರಲಿಲ್ಲ. ತಾಯಿ ಬಾಗಿಲ ಬಳಿ ತಟ್ಟೆ ಇಡುತ್ತಿದ್ದಳು. ಖಾಲಿ ತಟ್ಟೆ ತೆಗೆಯುತ್ತಿದ್ದಳು.

ಅದೇ ಊರಿನಲ್ಲಿ ಒಬ್ಬ ಜೊತೆಗಾರನಿದ್ದ. ನಿನ್ನ ಹಾಗೆಯೇ ಕೆಲಸ ಕಲಿಸಿ ಪಕ್ಕದಲ್ಲಿ ನಿಲ್ಲುವವನು, ಒಳ್ಳೆಯವನು. ಅವನು ಆರು ತಿಂಗಳು ಆ ಬಾಗಿಲ ಬಳಿ ಕೂತು, ಕೊನೆಗೂ ಆ ಮನುಷ್ಯನನ್ನು ಹೊರಗೆ ಕರೆತಂದ. ಇಲ್ಲಿ ನಾನು ಒಂದು ಆನೆಯನ್ನು ಸೇರಿಸುವುದುಂಟು. ಇವತ್ತು ನೀನು ನಗುವ ಹಾಗೆ ಕಾಣುತ್ತಿಲ್ಲ, ಬಿಡು.

ಜೊತೆಗಾರ ಅವನನ್ನು ಒಬ್ಬ ಬಣ್ಣಗಾರನ ಬಳಿ ಸೇರಿಸಿದ. ಬಣ್ಣಗಾರ ನೂಲಿಗೆ ನೀಲಿ ಹಾಕುವವನು. ನೀಲಿಯ ತೊಟ್ಟಿ ಹುಳಿಯುತ್ತಾ ಜೀವದಿಂದಿರಬೇಕು. ದಿನಾ ಬೆಳಿಗ್ಗೆ ಅದಕ್ಕೆ ಒಂದು ಬಟ್ಟಲು ಸುಣ್ಣ ಬೀಳಬೇಕು. ಬೀಳದಿದ್ದರೆ ಕೆಡುತ್ತದೆ, ಎರಡು ಬಟ್ಟಲು ಬಿದ್ದರೆ ಸಾಯುತ್ತದೆ. ಬಣ್ಣಗಾರನ ತೊಟ್ಟಿ ಅವನ ಅಪ್ಪನ ಕಾಲದಿಂದ ಸತ್ತಿರಲಿಲ್ಲ.

ಆ ಮನುಷ್ಯ ಬೇಗ ಕಲಿತ. ನೂಲಿನ ಲಡಿ ಅದ್ದುವುದು, ಹಿಂಡುವುದು, ಗಾಳಿಗೆ ಒಡ್ಡುವುದು ಎಲ್ಲವೂ ಬಂತು. ತೊಟ್ಟಿಯ ವಾಸನೆ ನೋಡಿಯೇ ಅದರ ಆರೋಗ್ಯ ತಿಳಿಯುತ್ತಿದ್ದ. ಸುಣ್ಣ ಹಾಕುವ ಕೆಲಸವೂ ಅವನ ಪಾಲಿಗೆ ಬಂತು.

ಬಣ್ಣಗಾರ ಕೇಳುತ್ತಿದ್ದ: "ಸುಣ್ಣ ಬಿತ್ತೇನಯ್ಯ?"

ಜೊತೆಗಾರ ಹೇಳುತ್ತಿದ್ದ: "ಹಾಕಿದ್ದಾನೆ, ಯಜಮಾನರೇ."

"ಊಟ ಆಯ್ತಾ ಅವನದು?"

"ಆಯ್ತು, ಯಜಮಾನರೇ."

ಒಮ್ಮೊಮ್ಮೆ ಆ ಮನುಷ್ಯನ ತುಟಿ ಅಲುಗುತ್ತಿತ್ತು. ಅವನು ತೊದಲಿದರೆ ಯಾರಾದರೂ ನಕ್ಕಾರು ಎಂದು ಜೊತೆಗಾರನಿಗೆ ಭಯ. ಅದಕ್ಕೇ ತಾನು ಮೊದಲು ಹೇಳಿಬಿಡುತ್ತಿದ್ದ. "ಕೈ ನೀನು ನೋಡಿಕೋ, ಬಾಯಿ ನಾನು ನೋಡಿಕೊಳ್ಳುತ್ತೇನೆ," ಎನ್ನುತ್ತಿದ್ದ. ಪ್ರೀತಿಯಿಂದಲೇ.

ಸಂಬಳ ಬಂತು. ಬೀದಿಯ ಅಂಚು ಹಿಡಿದು ನಡೆಯುತ್ತಿದ್ದವನು ನಡುಬೀದಿಯಲ್ಲಿ ನಡೆದ. ಊಟಕ್ಕೆ ಕೂರುವಾಗ ಕೈಯ ನೀಲಿ ತೊಳೆಯಲು ಒಪ್ಪುತ್ತಿರಲಿಲ್ಲ. ತಾಯಿ ಬೈಯುತ್ತಾ ಬಡಿಸುತ್ತಿದ್ದಳು, ಒಳಗೆ ಹೋಗಿ ಅಳುತ್ತಿದ್ದಳು. ಈ ಅಳು ಸಂತೋಷದ್ದು.

ಜೊತೆಗಾರನಿಗೆ ಇನ್ನೊಂದು ಬಾಗಿಲು ಕಾಯುತ್ತಿತ್ತು. ಅವನು ಹೊರಟುಹೋದ.

ಕೆಲವು ದಿನ ಏನೂ ಆಗಲಿಲ್ಲ; ಸುಣ್ಣ ಬೀಳುವಾಗ ಬಣ್ಣಗಾರ ಎದುರಿಗೇ ಇರುತ್ತಿದ್ದ. ಒಂದು ಬೆಳಿಗ್ಗೆ ಬಣ್ಣಗಾರ ತಡವಾಗಿ ಬಂದ. "ಸುಣ್ಣ ಬಿತ್ತೇನಯ್ಯ?" ಎಂದ.

ಸುಣ್ಣ ಬಿದ್ದಿತ್ತು. ಆ ಮನುಷ್ಯ ತನ್ನ ಎಡಕ್ಕೆ ನೋಡಿದ. ಜೊತೆಗಾರ ನಿಲ್ಲುತ್ತಿದ್ದ ಜಾಗ ಅದು. ಅಲ್ಲಿ ಗೋಡೆ ಇತ್ತು.

"ನಿನ್ನನ್ನೇ ಕೇಳುತ್ತಿದ್ದೇನೆ, ಬಿತ್ತೋ ಇಲ್ಲವೋ?"

ಬಾಯಿ ತೆರೆಯಿತು, ದನಿ ಬರಲಿಲ್ಲ. ಮರೆತಿದ್ದಾನೆ, ಹೇಳಲು ಹೆದರುತ್ತಿದ್ದಾನೆ ಎಂದುಕೊಂಡ ಬಣ್ಣಗಾರ. ತಾನೇ ಒಂದು ಬಟ್ಟಲು ಸುಣ್ಣ ತುಂಬಿಕೊಂಡ. ಆ ಮನುಷ್ಯ ತಡೆಯಲು ಕೈ ಚಾಚಿದ. ಬಟ್ಟಲು ಕೇಳುತ್ತಿದ್ದಾನೆ ಎಂದು ಬಣ್ಣಗಾರ ತಿಳಿದ. "ಇರಲಿ ಬಿಡು, ಇವತ್ತು ನಾನೇ ಹಾಕುತ್ತೇನೆ," ಎಂದು ಮೃದುವಾಗಿಯೇ ಹೇಳಿ, ಸುರಿದ.

ಮರುದಿನ ತೊಟ್ಟಿಯಲ್ಲಿ ನೊರೆ ಇರಲಿಲ್ಲ. ಅದ್ದಿದ ನೂಲು ಬೂದಿಯ ಬಣ್ಣದಲ್ಲಿ ಮೇಲೆ ಬಂತು. ಬಣ್ಣಗಾರ ಸುಣ್ಣದ ಮಡಕೆಯನ್ನು ಬಗ್ಗಿ ನೋಡಿದ. ಎರಡು ಬಟ್ಟಲು ಕಡಿಮೆಯಾಗಿತ್ತು.

"ಹಾಕಿದ್ದರೆ ಹಾಕಿದೆ ಅನ್ನಲು ನಿನಗೇನಾಗಿತ್ತೋ, ಮಹರಾಯ?" ಎಂದು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ಹೇಳಿದ: "ನಾಳೆಯಿಂದ ಬರಬೇಡ."

ಆ ಮನುಷ್ಯ ಮನೆಗೆ ಹೋಗಿ ಕೈ ತೊಳೆದುಕೊಂಡ. ಉಗುರಿನ ಸಂದಿಯ ನೀಲಿ ಹೋಗಲು ಮೂರು ವಾರ ಬೇಕಾಯಿತು. ತಾಯಿ ಮತ್ತೆ ಬಾಗಿಲ ಬಳಿ ತಟ್ಟೆ ಇಟ್ಟಳು. ಈ ಸಲ ಅದು ಖಾಲಿಯಾಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಹೋದ.

ಗುರು ಕತೆ ಮುಗಿಸಿದರು. ಶಿಷ್ಯೆಯ ಕಣ್ಣು ಕೆಂಪಾಗಿತ್ತು.

"ತಪ್ಪು ಯಾರದು, ಗುರುಗಳೇ? ಅವನು ಬದುಕಿದ್ದಾಗ ಊರಿನವರು ಯಾರೂ ವಿಚಾರಿಸಲಿಲ್ಲವೇ?"

"ನನ್ನ ಚಹಾದ ದುಡ್ಡು ನೀನು ಕೊಡುವುದಾದರೆ ಹೇಳುತ್ತೇನೆ," ಎಂದು ಗುರು ಎದ್ದರು.

ಅವಳು ತಲೆಯಾಡಿಸಿದಳು.

"ವಿಚಾರಿಸಿದರು, ಮಗಳೇ. ಅವನನ್ನಲ್ಲ, ಜೊತೆಗಾರನನ್ನು ಕರೆಸಿ ಕೇಳಿದರು."