ಕಂಠದವರೆಗೆ ತುಂಬಿದ ಭರಣಿ

ಏಳು ಹೊಳೆ ದಾಟಿದರೆ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಕೇಳ್ತಿದ್ದೀರಾ ಮಕ್ಕಳೇ? ಹೂಂ ಅನ್ನಬೇಕು ಮತ್ತೆ! ಆ ರಾಜನಿಗೆ ಮಾವಿನಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಮೊಸರನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅರಮನೆಗೆ ಉಪ್ಪಿನಕಾಯಿ ಹಾಕುವವಳು ಚೆಲುವಕ್ಕ. ಅವ್ವನ ಕಾಲದಿಂದ ಬಂದ ಕೆಲಸ. ಉಗ್ರಾಣ ನೋಡಿಕೊಳ್ಳುವವನು ತಿಮ್ಮರಸ. ಅವನಿಗೋ, ಆ ಕೆಲಸ ತನ್ನ ಭಾವಮೈದುನನಿಗೆ ಕೊಡಿಸುವ ಆಸೆ.

ಆ ಬೇಸಿಗೆಯಲ್ಲಿ ಚೆಲುವಕ್ಕ ಮೂರು ಭರಣಿಗೆ ಕಂಠದವರೆಗೆ ಮಿಡಿ ತುಂಬಿ, ನಡುನಡುವೆ ಕಲ್ಲುಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟಳು. ಎಂಟು ದಿನ ಕಳೆಯಿತು. ತಿಮ್ಮರಸ ರಾಜನನ್ನೇ ಕರೆತಂದ. ಮೊದಲನೆಯ ಭರಣಿ ಬಿಚ್ಚಿದ. ಗೇಣು ಇಳಿದಿತ್ತು. ಎರಡನೆಯದು ಬಿಚ್ಚಿದ. ಗೇಣು ಇಳಿದಿತ್ತು. ಮೂರನೆಯದೂ ಅಷ್ಟೇ. ಮೂರರಲ್ಲೂ ಮಿಡಿಯ ಸುತ್ತ ನೀರು ನಿಂತಿತ್ತು.

“ಕದ್ದಿದ್ದಾಳೆ ಪ್ರಭು! ಗೊತ್ತಾಗದಿರಲಿ ಅಂತ ನೀರು ಬೇರೆ ಹೊಯ್ದಿದ್ದಾಳೆ!”

ಚೆಲುವಕ್ಕ ಕೈಮುಗಿದಳು. “ಅಯ್ಯೋ, ತೊಟ್ಟು ನೀರೂ ಹಾಕಿಲ್ಲ ಬುದ್ಧಿ! ಅದು ಮಿಡಿಯದೇ ನೀರು. ನಮ್ಮವ್ವ ಹೇಳ್ತಿದ್ದಳು, ಕಾಯೊಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಕೋಣೆಗಳಿರ್ತವೆ, ತುಂಬ ನೀರಿರ್ತದೆ. ಹೊರಗೆ ಉಪ್ಪು ಬಿದ್ದರೆ ಆ ನೀರು ಗೋಡೆ ದಾಟಿ ಉಪ್ಪಿನ ಕಡೆಗೆ ಜಿನುಗ್ತದೆ. ಕೋಣೆ ಮುದುಡಿದರೆ ಕಾಯೂ ಮುದುಡ್ತದೆ.”

“ಕಾಯೊಳಗೆ ಕೋಣೆಯಂತೆ! ದೇವರಮನೆಯೂ ಇದೆಯೇನೋ?” ತಿಮ್ಮರಸ ಹೊಟ್ಟೆ ಹಿಡಿದುಕೊಂಡು ನಕ್ಕ. ರಾಜನೂ ನಕ್ಕುಬಿಟ್ಟ. “ಎಂಟು ದಿನ ಕೊಟ್ಟಿದ್ದೇನೆ. ಕದ್ದಿಲ್ಲ ಅಂತ ತೋರಿಸು. ಇಲ್ಲದಿದ್ದರೆ ಮಕ್ಕಳುಮರಿ ಕಟ್ಟಿಕೊಂಡು ರಾಜ್ಯ ಬಿಟ್ಟು ಹೊರಡು.”

ಚೆಲುವಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒಂದು ಗಳಿಗೆ ಯೋಚಿಸಿದಳು. “ಹಾಗಾದರೆ ಇನ್ನೊಂದು ಭರಣಿಗೆ ತಿಮ್ಮರಸರೇ ಕೈಯಾರೆ ಮಿಡಿ, ಉಪ್ಪು ತುಂಬಲಿ ಬುದ್ಧಿ. ಕೋಣೆಗೆ ಬೀಗ ಹಾಕಿ ಕೀಲಿ ಅವರೇ ಇಟ್ಟುಕೊಳ್ಳಲಿ. ನಾನು ಆ ಕಡೆ ತಲೆ ಹಾಕಿಯೂ ಮಲಗೋದಿಲ್ಲ.”

“ಭರಣಿ ಇಳಿದರೆ ನನ್ನನ್ನೇ ಕಳ್ಳ ಅನ್ನಿ!” ತಿಮ್ಮರಸ ಮೀಸೆ ತಿರುವಿದ.

ಎಂಟನೆಯ ದಿನ ಎಲ್ಲರೂ ಸೇರಿದರು. ತಿಮ್ಮರಸ ಬೀಗ ತೆಗೆದ, ಬಟ್ಟೆ ಬಿಚ್ಚಿದ. ಓಹೋ! ಭರಣಿ ಕಂಠದವರೆಗೂ ತುಂಬಿದೆ!

“ನೋಡಿ ಪ್ರಭು, ಒಂದು ಬೆರಳೂ ಇಳಿದಿಲ್ಲ. ಈಗ ಹೇಳಿ, ಕಳ್ಳಿ ಯಾರು?”

ಚೆಲುವಕ್ಕ ಭರಣಿಯ ಹತ್ತಿರ ಬಂದಳು. ಆಮೇಲೆ ಬಗ್ಗಿ ನೋಡಿದಳು. ನೋಡಿದವಳೇ ಫಕ್ಕನೆ ನಕ್ಕಳು. ಕೈ ಒರೆಸಿಕೊಂಡು ಒಣ ಸೌಟು ತಂದಳು. ಮೇಲಿಂದ ಒಂದು ಮಿಡಿ ತೆಗೆದಳು, ತಳದಿಂದ ಒಂದು ಮಿಡಿ ತೆಗೆದಳು.

“ತಳದ್ದು ಅಜ್ಜಿಯ ಕೆನ್ನೆಯ ಹಾಗೆ ಸುಕ್ಕಾಗಿದೆ ಬುದ್ಧಿ. ಮೇಲಿನದು ಮರದಲ್ಲಿದ್ದ ಹಾಗೇ ಇದೆ. ಒಂದೇ ದಿನ ತುಂಬಿದ್ದಲ್ಲವೇ ಎರಡೂ? ಕಚ್ಚಿ ನೋಡಿ.”

ರಾಜ ಮೇಲಿನ ಮಿಡಿ ಕಚ್ಚಿದ. ಥೂ! ಬರೀ ಹುಳಿ, ಉಪ್ಪೇ ಹಿಡಿದಿಲ್ಲ!

“ಕೀಲಿ ಯಾರ ಹತ್ತಿರ ಇತ್ತೋ?” ರಾಜ ತಿಮ್ಮರಸನ ಕಡೆ ತಿರುಗಿದ.

ತಿಮ್ಮರಸ ರಾಜನ ಕಾಲಿಗೆ ಬಿದ್ದ. “ತಪ್ಪಾಯ್ತು ಪ್ರಭು. ದಿನಾ ನೋಡ್ತಿದ್ದೆ, ತಾನಾಗಿಯೇ ಇಳೀತಿತ್ತು. ಇವತ್ತು ಬೆಳಗ್ಗೆ ಹೊಸ ಮಿಡಿ ಸುರಿದುಬಿಟ್ಟೆ.”

“ತಾನಾಗಿಯೇ ಇಳೀತದೆ ಅಂತ ನಿನಗೆ ಕಣ್ಣಾರೆ ಗೊತ್ತಾಯ್ತು. ಆದರೂ ಇವತ್ತು ಮತ್ತೆ ಇವಳನ್ನು ಕಳ್ಳಿ ಅಂದೆ!” ರಾಜನ ಮುಖ ಕೆಂಪಾಯಿತು. ಚೆಲುವಕ್ಕನ ಕಡೆ ತಿರುಗಿ, “ನಾನೂ ನಕ್ಕಿದ್ದು ತಪ್ಪಾಯಿತು ತಾಯಿ,” ಎಂದ.

ಅಂದಿನಿಂದ ಚೆಲುವಕ್ಕ ಉಪ್ಪಿನಕಾಯಿ ಹಾಕುವುದು, ತಿಮ್ಮರಸ ಅವಳ ಭರಣಿ ತೊಳೆಯುವುದು.

ನೀತಿ ಇಷ್ಟೇ ಮಕ್ಕಳೇ: ಗೊತ್ತಿಲ್ಲದ್ದನ್ನು ಕಂಡು ನಗಬೇಡಿ, ಕೇಳಿ ತಿಳಿದುಕೊಳ್ಳಿ. ಗೊತ್ತಿದ್ದೂ ಸುಳ್ಳು ಹೇಳಿ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಬೇಡಿ.