ಅಗಳಿಯಮ್ಮ ಬಾಗಿಲು ಬಿಟ್ಟ ಕಥೆ

ಅಕ್ಷತೆ ಹಿಡಿದವರು ಮುಷ್ಟಿ ಸಡಿಲ ಮಾಡದೆ, ದೀಪದ ಕುಡಿ ಸರಿಮಾಡಿಕೊಂಡು ಕೇಳಿರಿ. ನಡುವೆ ಎದ್ದು ಹೋಗುವವರಿದ್ದರೆ ಈಗಲೇ ಹೋಗಿಬಿಡಿ. ಕಥೆ ಶುರುವಾದ ಮೇಲೆ ಹೊಸ್ತಿಲು ದಾಟುವ ಹಾಗಿಲ್ಲ.

ಹೇಮಾವಳಿಯೆಂಬ ಪಟ್ಟಣದಲ್ಲಿ ಪದುಮಲೆಯೆಂಬ ರಾಣಿಯಿದ್ದಳು. ಗಂಡ ದಂಡೆತ್ತಿ ದೂರ ಹೋಗಿ, ರಾಜ್ಯಭಾರವೆಲ್ಲ ಅವಳದೇ ಆಗಿ, ಅವಳ ಮಾತಿಗೆ ಎದುರಿಲ್ಲದೆ, ಗರ್ವ ತಲೆಗೇರಿ ಕೂತಿತ್ತು. ಕಾರ್ತಿಕದ ಶುಕ್ರವಾರ ಬಾಗಿಲಿಗೆ ಅಡ್ಡ ಹಾಕುವ ಮರದ ಅಗಳಿ ತೆಗೆದು, ಅದೇ ಅಗಳಿಯಮ್ಮನೆಂದು ತೊಳೆದು, ಕುಂಕುಮವಿಟ್ಟು, ಬಂದವರಿಗೆ ಬಡಿಸಿ, ಅವರುಂಡ ಎಲೆಯನ್ನು ಮನೆಯೊಡತಿಯೇ ಎತ್ತಬೇಕೆಂದು ಅತ್ತೆ ಸಾಯುವಾಗ ಹೇಳಿ ಹೋಗಿದ್ದಳು. ಇವಳು, "ಮರದ ತುಂಡಿಗೂ ಪೂಜೆಯೇ? ರಾಣಿ ಎಂಜಲೆಲೆ ಎತ್ತುವುದೇ?" ಎಂದು ನಕ್ಕು ವ್ರತ ಬಿಟ್ಟಳು.

ಹೀಗಿರಲು ರಾಣಿಯ ಮೂಗುತಿ ಕಾಣೆಯಾಯಿತು. ಅರಮನೆಗೆ ದೀಪದೆಣ್ಣೆ ತರುತ್ತಿದ್ದ ಗಾಣಿಗ ಹೊನ್ನಯ್ಯನೇ ಕದ್ದನೆಂದು ಅವನನ್ನು ಸೆರೆಗೆ ಹಾಕಿಸಿದಳು. ಕಾವಲಿನವನು ಗಂಜಿ ತಳ್ಳಿದಾಗಲೆಲ್ಲ ಅವನು ರಾಣಿಯ ಮಾಳಿಗೆಯ ಕಡೆ ಮುಖ ಮಾಡಿ, "ನಾನೇನು ಮಾಡಿದೆ, ತಾಯೀ?" ಎಂದು ಕೂಗುವನು. ಅವಳಿಗೆ ಕೇಳುತ್ತಿರಲಿಲ್ಲವೇ? ಚೆನ್ನಾಗಿ ಕೇಳುತ್ತಿತ್ತು. ಕಿಟಕಿ ಮುಚ್ಚಿಸುವಳು.

ಅವನ ಗಡ್ಡ ನರೆತ ಮೇಲೆ, ಕೊಳದ ಹೂಳೆತ್ತುವಾಗ ಮೂಗುತಿ ಸಿಕ್ಕಿತು. ಅವನನ್ನು ಬಿಡಿಸಿದಳು. ಬಿಡಿಸಿ ಸುಮ್ಮನಿದ್ದಳೇ? "ಇಷ್ಟು ಕಾಲ ಅರಮನೆಯ ಗಂಜಿ ಕುಡಿದಿದ್ದಾನೆ, ಅರಮನೆಯ ಸೂರಿನಡಿ ಮಲಗಿದ್ದಾನೆ. ಅದರ ಬೆಲೆ ಕೊಟ್ಟು ಹೋಗಲಿ" ಎಂದಳು. ಅಯ್ಯೋ ಶಿವನೇ, ಕೊಡಲು ಅವನ ಬಳಿ ಏನಿತ್ತು? ಭಂಡಾರಿ ಹೋಗಿ ಗಾಣದ ಎತ್ತನ್ನು ಹೊಡೆದುಕೊಂಡು ಬಂದು ಅಂಗಳದಲ್ಲಿ ಕಟ್ಟಿದನು.

ಅಂದು ದೀಪ ಹಚ್ಚುವ ಹೊತ್ತಿಗೆ ಎತ್ತು ತಾನಾಗಿ ಸುತ್ತತೊಡಗಿತು. ಗಾಣವಿಲ್ಲ, ನೊಗವಿಲ್ಲ, ಆದರೂ ಗಾಣ ತಿರುಗುವ ಕಿರ್ರೆಂಬ ಸದ್ದು ಅರಮನೆಯ ಮೂಲೆಮೂಲೆಗೂ ಕೇಳಿಸಿತು. ದೀಪಗಳು ಉರಿದರೂ ಬೆಳಕು ಗೋಡೆ ಮುಟ್ಟಲಿಲ್ಲ. ರಾಣಿಯ ಒಬ್ಬಳೇ ಮಗಳು ಚೆಲುವಾಂಬೆ ಆಡುತ್ತಾಡುತ್ತಾ ಒಳಕೋಣೆ ಹೊಕ್ಕಳು. ಹೊರಗಿನ ಅಗಳಿ ತಾನೇ ಬಿತ್ತು. ಆಳುಗಳು ಜಗ್ಗಿದರೆ ಅಲುಗದು, ಕೊಡಲಿ ಹಾಕಿದರೆ ಕೊಡಲಿಯೇ ಮುರಿಯುವುದು.

ರಾಣಿ ಕದದ ಸಂದಿಯಿಂದ ಹಾಲನ್ನ ತಳ್ಳಲು, ಒಳಗಿಂದ ಹಳಸಿದ ಗಂಜಿಯ ವಾಸನೆ ಬಂದು, "ನಾನೇನು ಮಾಡಿದೆ, ತಾಯೀ?" ಎಂಬ ದನಿ ಕೇಳಿತು. ಹುಟ್ಟಿದಾಗಿನಿಂದ ಅವ್ವಾ ಎನ್ನುತ್ತಿದ್ದ ಕೂಸು ಅದು! ದಿನ ಕಳೆದಂತೆ ಆ ದನಿ ಒಡೆದು, ಗೊಗ್ಗರಾಗಿ, ಮುದುಕನ ದನಿಯಾಯಿತು.

ರಾಣಿ ಹೆದರಿ, ಗಾಣಿಗನಿಗೆ ಹೊನ್ನು ಕಳಿಸೆಂದು ಭಂಡಾರಿಗೆ ಹೇಳಿದಳು. ಆ ಭಂಡಾರಿಯ ಬುದ್ಧಿ ನೋಡಿ, ಗಂಜಿಯ ಬಾಬ್ತು ಮುರಿದುಕೊಂಡು ಉಳಿದದ್ದನ್ನು ಕಳಿಸಿದ! ಅಗಳಿ ಇನ್ನೊಂದು ಬೆರಳಷ್ಟು ಒಳಗೆ ಸರಿಯಿತು.

ರಾಣಿ ಅದರ ಮೇಲೆ ಹಣೆಯಿಟ್ಟು ಅತ್ತಾಗ ಮರ ಮೈಯಂತೆ ಬೆಚ್ಚಗಿತ್ತು. ಸತ್ತ ಅತ್ತೆಯ ದನಿ ಅದರೊಳಗಿಂದ, "ಎಲೆ ಎತ್ತಿದೆಯಾ?" ಎಂದು ಕೇಳಿತು.

ಆಗ ರಾಣಿ ಮೂಗುತಿ ಕಳಚಿಟ್ಟು, ತಾನೇ ಎತ್ತಿನ ಹಗ್ಗ ಹಿಡಿದು, ಬರಿಗಾಲಲ್ಲಿ ಗಾಣಿಗರ ಕೇರಿಗೆ ನಡೆದಳು. ಹೊನ್ನಯ್ಯನ ಮನೆಗೆ ಬಾಗಿಲೇ ಇರಲಿಲ್ಲ. ಅವನ ಹೆಂಡತಿ ಸಂಕವ್ವ, "ಒಳಗೆ ಬನ್ನಿ ತಾಯಿ. ಮುಚ್ಚಿದ ಕದ ಕಂಡರೆ ಇವರು ಚೀರುತ್ತಾರೆ. ಕಿತ್ತು ಒಲೆಗೆ ಹಾಕಿದೆ" ಎಂದಳು. ರಾಣಿಗೆ ತಲೆಯೆತ್ತಲಾಗಲಿಲ್ಲ. ಆ ಒಲೆಯಲ್ಲೇ ತಾನೇ ಅಡಿಗೆ ಮಾಡಿ ಹೊನ್ನಯ್ಯನಿಗೆ ಬಡಿಸಿದಳು. ಅವನು ಉಂಡು, ಸೆರೆಮನೆಯ ರೂಢಿಯಂತೆ ತನ್ನ ಎಲೆ ತಾನೇ ಎತ್ತಲು ಬಾಗಿದನು. ರಾಣಿ ಕೈ ತಡೆದು, ಎಲೆ ಎತ್ತಿ, "ನೀನೇನೂ ಮಾಡಿರಲಿಲ್ಲಪ್ಪಾ. ಮಾಡಿದವಳು ನಾನು" ಎಂದಳು.

ಅತ್ತ ಅರಮನೆಯಲ್ಲಿ ಗಾಣದ ಸದ್ದು ನಿಂತು, ಅಗಳಿ ಜಾರಿ, ಚೆಲುವಾಂಬೆ ಅವ್ವಾ ಎನ್ನುತ್ತಾ ಹೊರಬಂದಳು. ಅವಳ ತಲೆಯಲ್ಲಿ ಒಂದು ಎಳೆ ನರೆತದ್ದು ಮಾತ್ರ ಮತ್ತೆ ಕಪ್ಪಾಗಲಿಲ್ಲ. ಗಾಣಿಗನ ಮನೆ ಎಣ್ಣೆ ಬೆಣ್ಣೆಯಿಂದ ತುಂಬಿತು. ಹೋದ ವರುಷಗಳನ್ನು ಯಾವ ದೇವಿಯೂ ತಂದುಕೊಡಲಿಲ್ಲ, ಸುಳ್ಳು ಏಕೆ ಹೇಳಲಿ? ಆ ನಾಡಿನಲ್ಲಿ ಸೆರೆಯ ಗಂಜಿಗೆ ಮತ್ತೆ ಯಾರೂ ಬೆಲೆ ಕೇಳಲಿಲ್ಲ.

ಇದನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಮಕ್ಕಳು ಮುಚ್ಚಿದ ಕದದ ಹಿಂದೆ ಉಳಿಯದಿರಲಿ, ಸೆರೆ ಸೇರಿದ ನಿರಪರಾಧಿಗಳು ಮನೆ ಸೇರಲಿ, ಅಗಳಿಯಮ್ಮ ಕಾಯಲಿ. ಅಕ್ಷತೆ ಹಾಕಿರಿ. ಈಗ ಹೊರಬಾಗಿಲ ಅಗಳಿ ಅಲುಗಿತಲ್ಲ, ಕೇಳಿಸಿತೇ? ಹೆದರಬೇಡಿ. ಯಾರೋ ಹಸಿದು ಬಂದಿದ್ದಾರೆ, ಎದ್ದು ಎಲೆ ಹಾಕಿ.